ಬೆನ್ನಿಗೆ ಹತ್ತಿದ ಮಣ್ಣು

2022ರಲ್ಲಿ ನಾನು ಒಂದು ಕನ್ನಡ ದಿನಪತ್ರಿಕೆಗೆ ಯಾದಗಿರಿ ಜಿಲ್ಲೆಯ ವರದಿಗಾರನಾಗಿದ್ದೆ. ಮನೆ ಶಹಾಪುರದಲ್ಲಿ. ಬೆಳಗ್ಗೆ ಬಸ್ಸು ಹಿಡಿದು ಯಾದಗಿರಿಗೆ ಹೋಗಿ, ಸರಕಾರಿ ಕಚೇರಿ, ಪೊಲೀಸ್ ಠಾಣೆ, ಮಾರುಕಟ್ಟೆ ಸುತ್ತಿ, ಸುದ್ದಿ ಕಳಿಸಿ ಸಂಜೆಗೆ ಮರಳುತ್ತಿದ್ದೆ. ಸಂಜೆಯದು ಬೇರೆ ಕೆಲಸ. ಶಹಾಪುರದ ಶಾಲೆಯೊಂದರ ಸಭಾಂಗಣದಲ್ಲಿ ಕರಾಟೆ ಕಲಿಸುತ್ತಿದ್ದೆ. ಎರಡನ್ನೂ ನಾನು ಎಂದೂ ಬೆರೆಸಲಿಲ್ಲ. ನನ್ನ ಶಿಷ್ಯರು ಪದಕ ತಂದರೆ ಆ ಸುದ್ದಿಯನ್ನು ನನ್ನ ಸಹೋದ್ಯೋಗಿ ಬರೆಯುತ್ತಿದ್ದರು. ತನ್ನವರ ಸುದ್ದಿಯನ್ನು ತಾನೇ ಬರೆಯಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹಾಗಾಗಿ ದೇವಮ್ಮನ ವಿಷಯ ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು ಮಾತ್ರ. ಈಗ ಪತ್ರಿಕೆಯ ಕೆಲಸ ಬಿಟ್ಟಿದ್ದೇನೆ. ಉಳಿದ ಸಾಲುಗಳನ್ನು ಬರೆಯಲು ಅಡ್ಡಿಯಿಲ್ಲ.

ದೇವಮ್ಮ ಬೋನಾಳದ ಹುಡುಗಿ. ತಂದೆ ಯಲ್ಲಪ್ಪ ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯುವವರು. ಅವಳು ಶಹಾಪುರದಲ್ಲಿ ಬಿ.ಎ. ಓದುತ್ತ, ಹಾಸ್ಟೆಲ್ಲಿನಲ್ಲಿದ್ದು, ಸಂಜೆ ನನ್ನ ತರಗತಿಗೆ ಬರುತ್ತಿದ್ದಳು. ಕಪ್ಪು ಬೆಲ್ಟಿಗೆ ಒಂದೇ ಮೆಟ್ಟಿಲು ಕೆಳಗಿನ ಬ್ರೌನ್ ಬೆಲ್ಟ್ ತನಕ ಬಂದಿದ್ದಳು. ಮಾತು ಕಡಿಮೆ, ಕೈ ಚುರುಕು. ವಿಭಾಗ ಮಟ್ಟದ ಕರಾಟೆ ಸ್ಪರ್ಧೆಗಳಲ್ಲಿ ಅವಳ ತೂಕದ ವಿಭಾಗದಲ್ಲಿ ಅವಳನ್ನು ಸೋಲಿಸುವವರು ಸುಲಭಕ್ಕೆ ಸಿಗುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಯಾದಗಿರಿಯಲ್ಲಿ ಎಂಎಂಎ ಪಂದ್ಯಗಳನ್ನು ಏರ್ಪಡಿಸಿದ್ದರು. ಗುದ್ದುವುದು, ಒದೆಯುವುದು, ಹಿಡಿದು ಕೆಡವುವುದು, ನೆಲದ ಮೇಲೆ ಪಟ್ಟು ಹಾಕಿ ಎದುರಾಳಿಯನ್ನು ಶರಣಾಗಿಸುವುದು, ಎಲ್ಲಕ್ಕೂ ಅವಕಾಶವಿರುವ ಮಿಶ್ರ ಆಟ ಇದು. ಶರಣಾಗುವವರು ಕೈಯಿಂದ ಎರಡು ಸಲ ತಟ್ಟಿದರೆ ಆಟ ಮುಗಿಯಿತು. ದೇವಮ್ಮ ಆಡುತ್ತೇನೆ ಎಂದಳು. ಹೆಸರು ಕೊಟ್ಟು ಜೊತೆಗೆ ಹೋದೆ.

ಆ ಪಂದ್ಯ ಬೇಗ ಮುಗಿಯಿತು. ಎದುರಾಳಿ ನೆರೆಯ ಜಿಲ್ಲೆಯವಳು, ಗಟ್ಟಿಮುಟ್ಟಾದ ಹುಡುಗಿ. ಅವಳು ಮುನ್ನುಗ್ಗಿದಾಗ ದೇವಮ್ಮನ ಬಲಗೈ ಗುದ್ದು ನೇರವಾಗಿ ಮುಖಕ್ಕೆ ಬಿತ್ತು. ಎದುರಾಳಿ ತತ್ತರಿಸಿದಳು. ಅಲ್ಲಿ ದೇವಮ್ಮ ಮಾಡಿದ್ದನ್ನು ಕರಾಟೆಯವರಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಂಡಳು, ಒಂದು ಹೆಜ್ಜೆ ಹಿಂದೆ ಸರಿದಳು, ರೆಫ್ರಿಯ ಕಡೆ ನೋಡಿದಳು. ಪಾಯಿಂಟ್ ಕರಾಟೆಯಲ್ಲಿ ಒಂದು ಸ್ವಚ್ಛ ಹೊಡೆತ ಬಿದ್ದ ಕೂಡಲೇ ರೆಫ್ರಿ ಆಟ ನಿಲ್ಲಿಸಿ ಅಂಕ ಕೊಡುತ್ತಾನೆ. ವರ್ಷಗಟ್ಟಲೆ ಅದೇ ಅಭ್ಯಾಸವಾದ ಮೈ ಅದನ್ನೇ ಕಾಯಿತು. ಇಲ್ಲಿನ ರೆಫ್ರಿ ಸುಮ್ಮನಿದ್ದ. ಅಷ್ಟರಲ್ಲಿ ಎದುರಾಳಿ ಸುಧಾರಿಸಿಕೊಂಡು ಅವಳ ಎರಡೂ ಕಾಲು ತಬ್ಬಿ ಎತ್ತಿ ಹಾಕಿದಳು. ಬಿದ್ದ ಮೇಲೆ ಏನು ಮಾಡಬೇಕೆಂದು ದೇವಮ್ಮನಿಗೆ ಗೊತ್ತಿರಲಿಲ್ಲ. ಕರಾಟೆಯಲ್ಲಿ ನಾವು ಅದನ್ನು ಕಲಿಸುವುದಿಲ್ಲ. ಕುತ್ತಿಗೆ ಹಿಡಿತಕ್ಕೆ ಸಿಕ್ಕಿ ತಟ್ಟಿದಳು.

ಶಹಾಪುರದ ಬಸ್ಸಿನಲ್ಲಿ ಅವಳು ಕೇಳಿದಳು.

“ಸರ, ನಾ ಹೊಡದಿದ್ನೆಲ್ರಿ. ಮಾರಿಗೇ ಬಿದ್ದಿತ್ತು. ಅವರು ಯಾಕ ನಿಂದ್ರಸಲಿಲ್ಲ?”

“ಇಲ್ಲಿ ಯಾರೂ ನಿಂದ್ರಸಂಗಿಲ್ಲ ದೇವಮ್ಮ. ನೀನೇ ನಿಂತಿ.”

ಮುಂದಿನ ವಾರ ಊರಿಗೆ ಹೋಗಿ ಬಂದವಳು ತಂದೆಯ ಮಾತನ್ನೂ ಹೊತ್ತು ತಂದಿದ್ದಳು. “ನಮ್ಮಪ್ಪ ಮೊಬೈಲಿನಾಗ ಪಂದ್ಯದ ವಿಡಿಯೋ ನೋಡಿ ಅಂದ, ಮೀನ ಸೈತ ಬಲಿಯೊಳಗ ಬಿದ್ರ ಹೊಳ್ಯಾಡತದ, ನೀ ಯಾಕ ಬಿದ್ದಲ್ಲೇ ಬಿದ್ದಿ ಅಂತ. ಬಿದ್ದ ಮ್ಯಾಲ ಹೊಳ್ಯಾಡೂದು ಕಲಸ್ರಿ ಸರ.”

ಜೂಡೊ, ಜಿಯು-ಜಿತ್ಸು ಕಲಿಸುವ ಕೇಂದ್ರ ನಮ್ಮ ಆಸುಪಾಸಿನಲ್ಲಿ ನನಗೆ ತಿಳಿದಂತೆ ಇರಲಿಲ್ಲ. ನಾನು ಹಿಂದೆ ಒಂದು ಶಿಬಿರದಲ್ಲಿ ನೆಲದ ಪಟ್ಟುಗಳ ಮೊದಲ ಪಾಠ ಕಲಿತಿದ್ದೆ, ಅಷ್ಟೇ. ಆದರೆ ಮನುಷ್ಯರನ್ನು ಹಿಡಿಯುವ, ಕೆಡವುವ ವಿದ್ಯೆ ನಮ್ಮ ಕಡೆ ಹೊಸದಲ್ಲ. ಸುರಪುರದ ತಾಲೀಮು, ಅಂದರೆ ಕುಸ್ತಿಯ ಗರಡಿಮನೆ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿತ್ತು. ದೇವಮ್ಮ ಶನಿವಾರ ಬೋನಾಳಕ್ಕೆ ಹೋಗುವ ದಾರಿಯಲ್ಲೇ ಇತ್ತು. ಆ ತಾಲೀಮಿನಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ ಎಂಬುದೊಂದೇ ತೊಡಕು.

ಅಲ್ಲಿನ ಗುರು ಸಿದ್ಧಣ್ಣ ಉಸ್ತಾದ. ಬಜಾರಿನಲ್ಲಿ ಬೇಳೆಕಾಳಿನ ಅಂಗಡಿ. ಎಪ್ಪತ್ತರ ಹತ್ತಿರ ವಯಸ್ಸು, ಕುತ್ತಿಗೆ ಇನ್ನೂ ಎತ್ತಿನದು. ಪ್ರಾಯದಲ್ಲಿ ಊರೂರು ತಿರುಗಿ ಕುಸ್ತಿ ಆಡಿದವರು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಅದು ‘ಚಿತ್’, ಸೋಲು. ಸಿದ್ಧಣ್ಣ ಬಯಲ ಕುಸ್ತಿಯಲ್ಲಿ ಚಿತ್ ಆದದ್ದನ್ನು ಕಂಡವರಿಲ್ಲ. ‘ಸಿದ್ಧಣ್ಣನ ಬೆನ್ನು ಹೆಂಗದ ಅಂತ ಮಣ್ಣಿಗಿ ಗೊತ್ತಿಲ್ಲ’ ಎಂದು ಸುರಪುರದಲ್ಲಿ ಹೇಳುವುದನ್ನು ನಾನೇ ಕೇಳಿದ್ದೇನೆ.

ದೇವಮ್ಮನನ್ನು ಕರೆದುಕೊಂಡು ಅವರ ಅಂಗಡಿಗೆ ಹೋದೆ.

“ಬರ್ರಿ ಪೇಪರ್ ಮಾಸ್ತರ,” ಎಂದರು. “ತೊಗರಿ ರೇಟ್ ಬರಕೊಳ್ಳಾಕ ಬಂದೀರೇನು?”

“ಸುದ್ದಿಗೆ ಬಂದಿಲ್ರಿ. ಒಂದು ಕೇಳಾಕ ಬಂದೀನಿ,” ಎಂದು ನಡೆದದ್ದನ್ನು ಹೇಳಿದೆ.

ಪೂರ್ತಿ ಕೇಳಿ ನಕ್ಕರು. “ನಿಮ್ಮ ಕರಾಟಿ ಅಂದ್ರ ಗಾಳಿಗಿ ಹೊಡಿಯೂದು ಅಂತ ಮದ್ಲ ಗೊತ್ತಿತ್ತು ನನಗ. ನಿಂತಾಗ ಕಲಸೂದು ನಿಮ್ದು, ಬಿದ್ದ ಮ್ಯಾಲ ಕಲಸೂದು ನಂದೇನು?”

“ಹೌದ್ರಿ. ಹಂಗೇ.”

ಅಷ್ಟು ನೇರವಾದ ಉತ್ತರವನ್ನು ಅವರು ಎಣಿಸಿರಲಿಲ್ಲ. ದೇವಮ್ಮನ ಕಡೆ ತಿರುಗಿ ತಮ್ಮ ಮುಂಗೈ ಚಾಚಿದರು. “ಹಿಡಿ ನೋಡೂನು.” ಅವಳು ಹಿಡಿದಳು. ಅವರು ಒಮ್ಮೆ ಜಗ್ಗಿದರು, ಕೈ ಬಿಡಲಿಲ್ಲ. ಹೊರಳಿಸಿ ಜಗ್ಗಿದರು. ಆಮೇಲೆ ಸ್ವಲ್ಪ ಕಷ್ಟಪಟ್ಟೇ ಬಿಡಿಸಿಕೊಂಡು ಮುಂಗೈ ನೋಡಿಕೊಂಡರು.

“ಯಾರ ಮಗಳವ್ವ ನೀನು?”

“ಬೋನಾಳದ ಯಲ್ಲಪ್ಪನ ಮಗಳ್ರಿ. ಕೆರಿಯಾಗ ಮೀನ ಹಿಡೀತಾನ.”

“ಬಲಿ ಎಳದ ಕೈ ಇದು. ನಮ್ಮ ಹುಡುಗರಿಗಿ ಇಂಥಾ ಕೈ ಬರಬೇಕಂದ್ರ ಎರಡು ವರ್ಷ ಹಗ್ಗ ಏರಿಸಬೇಕು.” ನನ್ನ ಕಡೆ ನೋಡಿ, “ನಾ ಒಬ್ಬನ ಹೇಳಿದ್ರ ಆಗಂಗಿಲ್ಲ ಮಾಸ್ತರ. ಸಾವ್ಕಾರನ್ನ ಕೇಳಬೇಕು,” ಎಂದರು.

ಸಾವ್ಕಾರ ಎಂದರೆ ಗುರುಲಿಂಗಪ್ಪ. ಬಟ್ಟೆ ವ್ಯಾಪಾರಿ, ತಾಲೀಮಿನ ಪಂಚರ ಹಿರಿಯ. ಸಭೆ ತಾಲೀಮಿನ ಕಟ್ಟೆಯ ಮೇಲೇ ನಡೆಯಿತು. ಅವರು ಕೋಪದಿಂದೇನೂ ಮಾತಾಡಲಿಲ್ಲ.

“ತಾಲೀಮದೊಳಗ ಹೆಣ್ಮಕ್ಕಳು ಕಾಲಿಟ್ಟಿದ್ದು ನಮ್ಮಪ್ಪನ ಕಾಲದಾಗೂ ಇಲ್ಲ, ನಮ್ಮ ಕಾಲದಾಗೂ ಇಲ್ಲ ಉಸ್ತಾದ.”

“ನಿಮ್ಮಪ್ಪನ ಕಾಲದಾಗ ನಿಮ್ಮ ದುಕಾನದಾಗ ರೆಡಿಮೇಡ್ ಅಂಗೀನೂ ಇರಲಿಲ್ಲ ಸಾವ್ಕಾರ. ಈಗ ಅದನ್ನ ಮಾರಾಕತ್ತೀರಿ.”

ಕೂತವರು ನಕ್ಕರು. ಗುರುಲಿಂಗಪ್ಪನವರೂ ನಕ್ಕರು. ಬಳಿಕ ಷರತ್ತು ಹಾಕಿದರು. ಅದು ಅರ್ಥವಾಗಲು ಆ ತಾಲೀಮಿನ ಪದ್ಧತಿಯೊಂದನ್ನು ಹೇಳಬೇಕು. ಅಲ್ಲಿ ಕಲಿತ ಪೈಲ್ವಾನ ಹೊರಗೆ ಚಿತ್ ಆಗಿ ಬಂದರೆ, ಎಲ್ಲರೂ ಬರುವ ಮೊದಲು ಬಂದು ಅಖಾಡದ ಕೆಂಪು ಮಣ್ಣನ್ನು ತಾನೊಬ್ಬನೇ ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿಕೊಡಬೇಕು. ಅಲ್ಲಿಗೆ ಆ ಸೋಲಿನ ಲೆಕ್ಕ ಮುಗಿಯಿತು. ಮತ್ತೆ ಯಾರೂ ಅದರ ಮಾತೆತ್ತುವಂತಿಲ್ಲ. ದೇವಮ್ಮನಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ ಎಂದರು ಗುರುಲಿಂಗಪ್ಪ.

“ಗಂಡಸು ಬಿದ್ರ ಗಂಡಸು ಬಿದ್ದ ಅಂತಾರ. ಹುಡುಗಿ ಬಿದ್ರ ತಾಲೀಮ ಬಿತ್ತು ಅಂತಾರ. ಒಳಗ ನೀವು ನೂರು ಸಲ ಕೆಡವ್ರಿ, ಅದು ಕಲಿಯೂದು. ಹೊರಗ ಹೋದಾಗ ಅಕಿನ ಬೆನ್ನು ನೆಲಕ್ಕ ಹತ್ತಬಾರದು. ಹತ್ತಿತು ಅಂದ್ರ ಬಾಗಲಾ ಬಂದ್. ಮತ್ತ ಯಾವ ಹುಡುಗೀನೂ ಬರಂಗಿಲ್ಲ.”

ಉಸ್ತಾದರು ಕಟ್ಟೆಯ ಕೆಳಗೆ ನನ್ನ ಜೊತೆ ನಿಂತಿದ್ದ ದೇವಮ್ಮನ ಕಡೆ ನೋಡಿದರು. ಅವಳು ಹೂಂ ಅಂದಳು.

ಪೈಲ್ವಾನರು ನಸುಕಿನಲ್ಲಿ ಮತ್ತು ಸಂಜೆ ಬರುತ್ತಿದ್ದರು. ಶನಿವಾರ, ಭಾನುವಾರ ಮಧ್ಯಾಹ್ನ ತಾಲೀಮು ಖಾಲಿ. ಅದು ಅವಳ ಹೊತ್ತಾಯಿತು. ಜೊತೆಗೆ ಆಡಲು, ಪಂಚರ ಒಪ್ಪಿಗೆಯಿಂದಲೇ, ದೋರನಹಳ್ಳಿಯ ಶಾಂತಾ ಬಂದಳು. ಅವಳೂ ನನ್ನ ಶಿಷ್ಯೆಯೇ, ರೈತರ ಮನೆಯವಳು, ದೇವಮ್ಮನಿಗಿಂತ ತೂಕ ಹೆಚ್ಚು, ಬಿದ್ದಾಗಲೂ ನಗುವ ಹುಡುಗಿ. ಉಸ್ತಾದರು ಹುಡುಗಿಯರ ಮೈ ಮುಟ್ಟಿ ಕಲಿಸುವವರಲ್ಲ. ಅಖಾಡದ ಅಂಚಿನಲ್ಲಿ ನಿಂತು ಬೆತ್ತದ ತುದಿಯಿಂದ ತೋರಿಸುತ್ತಿದ್ದರು: ಈ ಕಾಲು ಹಿಂದೆ, ಆ ಮೊಣಕೈ ಒಳಗೆ. ಕಾಲು ಹಿಡಿಯಲು ಬಂದವರ ಬೆನ್ನ ಮೇಲೆ ಎದೆಯ ಭಾರ ಬಿಟ್ಟು ಅವರನ್ನೇ ನೆಲಕ್ಕೆ ಒತ್ತುವುದು ಅವರು ಮೊದಲು ಕಲಿಸಿದ ಪಾಠ. ಯಾದಗಿರಿಯಲ್ಲಿ ದೇವಮ್ಮ ಸೋತದ್ದು ಅದಿಲ್ಲದೆಯೇ.

ನಾನು ವಾರದ ದಿನಗಳಲ್ಲಿ ಶಹಾಪುರದಲ್ಲಿ ಹೊಡೆತ ಕಲಿಸುತ್ತಿದ್ದೆ. ಹೊಡೆದು ನಿಲ್ಲಬೇಡ, ಹೊಡೆದ ಮೇಲೆ ಇನ್ನೊಂದು, ಆಮೇಲೆ ಪಕ್ಕಕ್ಕೆ ಸರಿ ಎಂದು ಹಳೆಯ ಅಭ್ಯಾಸ ಕಳಚುವುದೇ ದೊಡ್ಡ ಕೆಲಸವಾಯಿತು. ಎರಡು ವಿದ್ಯೆಗಳು ಒಂದೇ ಮೈಯಲ್ಲಿ ಸುಲಭವಾಗಿ ಕೂಡುವುದಿಲ್ಲ. ಕರಾಟೆಯಲ್ಲಿ ಮೈ ಓರೆಯಾಗಿ, ದೂರ ನಿಲ್ಲಬೇಕು. ಕುಸ್ತಿಯಲ್ಲಿ ಎದುರಾಗಿ, ಹತ್ತಿರ ಹೋಗಬೇಕು. ಉಸ್ತಾದರು ತಲೆಯನ್ನು ಎದುರಾಳಿಯ ಎದೆಗೆ ಹಚ್ಚು ಎಂದರೆ, ಹಾಗೆ ಬಗ್ಗಿಸಿದ ಮುಖಕ್ಕೆ ಮೊಣಕಾಲು ಬೀಳುತ್ತದೆ ಎಂದು ನಾನು ಹೇಳುತ್ತಿದ್ದೆ. ನಾನು ಬಿಡುವಿದ್ದಾಗ ಸುರಪುರಕ್ಕೆ ಹೋದರೆ ಅಖಾಡದ ಅಂಚಿನಲ್ಲಿ ಈ ವಾದ ನಡೆದೇ ನಡೆಯುತ್ತಿತ್ತು. ಒಮ್ಮೆ ದೇವಮ್ಮ ಮಣ್ಣು ಮೆತ್ತಿದ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು, “ನೀವಿಬ್ರೂ ಮದ್ಲ ಒಂದು ಮಾತಿಗಿ ಬರ್ರಿ. ಆಮ್ಯಾಲ ನನಗ ಹೇಳ್ರಿ. ನಾ ಅಲ್ಲೀತನ ನೀರ ಕುಡದು ಬರತೀನಿ,” ಎಂದು ಹೊರಟುಹೋದಳು. ಉಸ್ತಾದರು ಅವತ್ತೇ ಮೊದಲ ಸಲ ನನಗೊಂದು ಗುದ್ದು ಹೊಡೆದು ತೋರಿಸಲು ಹೇಳಿದರು. ಅವರ ಅಂಗೈಗೆ ಹೊಡೆದೆ. “ಗಾಳಿಗಲ್ಲ ಬಿಡ್ರಿ,” ಎಂದರು.

ಚಳಿಗಾಲದ ಹೊತ್ತಿಗೆ ದೇವಮ್ಮನನ್ನು ಕೆಡವುವುದು ಶಾಂತಾಳಿಗೆ ಕಷ್ಟವಾಯಿತು. ಹೊಸ ತೊಂದರೆಯೊಂದು ಕಾಣಿಸಿದ್ದೂ ಆಗಲೇ. ಎಂದಾದರೂ ಬಿದ್ದರೆ ದೇವಮ್ಮ ಮಿಂಚಿನಂತೆ ಬೋರಲಾಗುತ್ತಿದ್ದಳು. ಬೆನ್ನು ಉಳಿಸಿಕೊಳ್ಳಬೇಕಲ್ಲ. ಕುಸ್ತಿಯಲ್ಲಿ ಅದೇ ಸರಿ. ಆದರೆ ಮಿಶ್ರ ಆಟದಲ್ಲಿ ಬೋರಲಾದವರ ಬೆನ್ನೇರಿ ಹಿಂದಿನಿಂದ ಕತ್ತು ಅಮುಕುವುದಕ್ಕಿಂತ ಸುಲಭದ ಗೆಲುವಿಲ್ಲ. ಅಲ್ಲಿ ಬಿದ್ದವರು ಬೇಕೆಂದೇ ಅಂಗಾತ ತಿರುಗಿ, ಮೇಲಿದ್ದವರ ಸೊಂಟವನ್ನು ಎರಡೂ ಕಾಲುಗಳಿಂದ ಸುತ್ತಿ ಹಿಡಿಯುತ್ತಾರೆ. ಅದಕ್ಕೆ ಗಾರ್ಡ್ ಎನ್ನುತ್ತಾರೆ. ಅಲ್ಲಿಂದಲೇ ಎದುರಾಳಿಯ ತೋಳನ್ನು ನೆಟ್ಟಗೆಳೆದು ಮೊಣಕೈ ಮುರಿಯುವಂತೆ ಒತ್ತುವ ಪಟ್ಟು ಆರ್ಮ್‌ಬಾರ್. ನಾನು ಶಿಬಿರದಲ್ಲಿ ಕಲಿತದ್ದು ಇಷ್ಟನ್ನೇ. ಒಂದು ವಿದ್ಯೆಯಲ್ಲಿ ಸೋಲು ಎನಿಸಿಕೊಂಡ ಭಂಗಿ ಇನ್ನೊಂದರಲ್ಲಿ ಕೋಟೆ.

ಉಸ್ತಾದರಿಗೆ ಹೇಳದೆ ಕಲಿಸುವುದು ಸರಿಯಲ್ಲ ಎನಿಸಿ ಅಂಗಡಿಗೆ ಹೋಗಿ ವಿವರಿಸಿದೆ.

“ಬೆನ್ನ ಮ್ಯಾಲ ಮಲಕೊಂಡು ಆಡೂದು? ಅದಕ್ಕ ನಿದ್ದಿ ಅಂತಾರ ಮಾಸ್ತರ, ಕುಸ್ತಿ ಅನ್ನಂಗಿಲ್ಲ.” ತಕ್ಕಡಿಯ ಸರಪಳಿ ಸರಿಮಾಡಿದರು. “ಅದು ನಿಮ್ಮ ವಿದ್ಯಾ. ಕಲಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಷರತ್ತು ಮರೀಬ್ಯಾಡ್ರಿ. ಸಾವ್ಕಾರ ಮರಿಯಂಗಿಲ್ಲ.”

ದೇವಮ್ಮನೂ ಮರೆತಿರಲಿಲ್ಲ. ಸಭಾಂಗಣದ ಮ್ಯಾಟ್ ಮೇಲೆ ಶಾಂತಾಳ ಜೊತೆ ಆ ಪಟ್ಟನ್ನು ಚೆನ್ನಾಗಿ ಕಲಿತಳು. ಕಲಿತು ಎದ್ದು ಕೂತು ನನಗೆ ಹೇಳಿದಳು. “ಕಲ್ತೀನ್ರಿ ಸರ. ಆದ್ರ ಪಂದ್ಯದಾಗ ಮಾಡಂಗಿಲ್ಲ. ನಾ ಒಬ್ಬಾಕಿ ಗೆದ್ದು ಇವರೆಲ್ಲಾರಿಗೂ ಬಾಗಲಾ ಹಾಕಸ್ಲೇನು?”

ಇವರೆಲ್ಲ ಎಂದರೆ ಶಾಂತಾ ಮತ್ತು ಸುರಪುರದ ಕೆಲವು ಹುಡುಗಿಯರು. ಸುರಪುರದ ಈ ಹುಡುಗಿಯರು ವಾರವಾರವೂ ತಾಲೀಮಿನ ಎದುರಿನ ಬೇವಿನ ಮರದಡಿ ನಿಂತು ಬಾಗಿಲಿನಿಂದ ಕಂಡಷ್ಟನ್ನು ನೋಡುತ್ತಿದ್ದರು. ದೇವಮ್ಮ ಹೊರಗೆ ಒಂದು ಪಂದ್ಯ ಆಡಿ ಬೆನ್ನು ಉಳಿಸಿಕೊಂಡು ಬಂದರೆ ಅವರನ್ನೂ ಸೇರಿಸಿಕೊಳ್ಳೋಣ ಎಂದು ಉಸ್ತಾದರು ಅಷ್ಟರಲ್ಲಿ ಪಂಚರಿಂದ ಮಾತು ಪಡೆದಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಯಾದಗಿರಿಯಲ್ಲಿ ಮತ್ತೆ ಪಂದ್ಯ ನಡೆಯಿತು. ಗೆದ್ದವರಿಗೆ ರಾಜ್ಯ ಮಟ್ಟಕ್ಕೆ ಆಯ್ಕೆ. ಉಸ್ತಾದರು ಬಿಳಿ ಧೋತರ, ರುಮಾಲು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಆಟಗಾರರ ಮೂಲೆಯಲ್ಲಿ ಕೂರಲು ಇಬ್ಬರಿಗೆ ಅವಕಾಶ. ಒಂದು ಕುರ್ಚಿ ನನ್ನದು, ಇನ್ನೊಂದು ಅವರದು. ಕೊನೆಯ ಪಂದ್ಯದಲ್ಲಿ ಎದುರಿಗೆ ನಿಂತವಳು ಹಿಂದಿನ ವರ್ಷದ ಹುಡುಗಿಯೇ. ಸುರಪುರದಿಂದ ಬಂದಿದ್ದ ಮೌನೇಶ ಎಂಬ ಪೈಲ್ವಾನ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ.

ಮೊದಲ ಸುತ್ತಿನಲ್ಲಿ ದೇವಮ್ಮ ಹೊಡೆದಳು. ನಿಲ್ಲಲಿಲ್ಲ. ಎರಡನೆಯದು ಬಿತ್ತು, ಮೂರನೆಯದು ಬಿತ್ತು, ಆಮೇಲೆ ಪಕ್ಕಕ್ಕೆ ಸರಿದಳು. ಎದುರಾಳಿಯ ಮುಖದಲ್ಲಿ ಲೆಕ್ಕ ತಪ್ಪಿದವರ ಆಶ್ಚರ್ಯವಿತ್ತು. ಎರಡನೆಯ ಸುತ್ತಿನಲ್ಲಿ ಅವಳು ಹಿಂದಿನಂತೆಯೇ ಕಾಲಿಗೆ ಬಂದಳು. ದೇವಮ್ಮನ ಕಾಲುಗಳು ಹಿಂದಕ್ಕೆ ಹೋದವು, ಎದೆಯ ಭಾರ ಅವಳ ಬೆನ್ನ ಮೇಲೆ ಬಿತ್ತು. ಪಕ್ಕದ ಕುರ್ಚಿಯಿಂದ “ಭಲೆ” ಎಂಬ ಒಂದು ಮಾತು, ಅದೂ ಮೆಲ್ಲಗೆ, ಕೇಳಿಸಿತು.

ಮೂರನೆಯ ಸುತ್ತಿನಲ್ಲಿ ಇಬ್ಬರೂ ದಣಿದಿದ್ದರು. ಒದೆಯಲು ಎತ್ತಿದ ದೇವಮ್ಮನ ಕಾಲು ಎದುರಾಳಿಯ ಕೈಗೆ ಸಿಕ್ಕಿತು. ಅವಳು ಅದನ್ನು ಹಿಡಿದೇ ಇನ್ನೊಂದು ಕಾಲಿಗೆ ಅಡ್ಡಗಾಲು ಕೊಟ್ಟಳು. ಬೀಳುವಾಗಲೇ ದೇವಮ್ಮ ಹೊರಳಿ ಬೋರಲಾದಳು. ಎದುರಾಳಿ ಬೆನ್ನೇರಿದಳು. ಒಂದು ಕೈ ಗದ್ದದ ಕೆಳಗೆ ದಾರಿ ಹುಡುಕತೊಡಗಿತು. ದೇವಮ್ಮ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು ನಮ್ಮ ಮೂಲೆಯ ಕಡೆ ನೋಡಿದಳು.

ಅವಳು ನೋಡಿದ್ದು ನನ್ನನ್ನಲ್ಲ. ಉಸ್ತಾದರು ಮೊಣಕಾಲ ಮೇಲೆ ಕೈ ಊರಿ ಕೂತಿದ್ದರು. ಕಣ್ಣು ಮಿಟುಕಿಸಲಿಲ್ಲ, ತಲೆ ಆಡಿಸಲಿಲ್ಲ. ನಾನು ಕೂಗಲು ಬಾಯಿ ತೆರೆದೆ, ಮುಚ್ಚಿದೆ. ತಿರುಗು ಎಂದರೆ ತಾಲೀಮಿನ ಬಾಗಿಲು ಹೋಯಿತು. ಬೇಡ ಎಂದರೆ ಪಂದ್ಯ ಹೋಯಿತು. ಎರಡರ ಬೆಲೆಯನ್ನೂ ತೆರಬೇಕಾದವಳು ಅವಳು.

ದೇವಮ್ಮ ಒಂದು ಭುಜ ತಗ್ಗಿಸಿ, ಎದುರಾಳಿಯ ಕಡೆಗೇ ಹೊರಳಿ, ಅಂಗಾತವಾದಳು.

ಬೆನ್ನು ಪೂರ್ತಿ ನೆಲಕ್ಕೆ ಹತ್ತಿತು. ಕಾಲುಗಳು ಮೇಲಿದ್ದವಳ ಸೊಂಟ ಸುತ್ತಿದವು. ಹೊಡೆಯಲೆಂದು ಎದುರಾಳಿ ತೋಳು ಚಾಚಿದ ಕ್ಷಣ ಬೋನಾಳದ ಬಲೆ ಎಳೆದ ಕೈ ಆ ಮುಂಗೈಯನ್ನು ಹಿಡಿಯಿತು. ಮುಂದಿನದು ಬಿಡಿಸಿಕೊಳ್ಳಲಾಗದ ಹಿಡಿತ. ದೇವಮ್ಮನ ಕಾಲು ಎದುರಾಳಿಯ ಮುಖದ ಮೇಲೆ ಹಾದುಬಂತು, ಸೊಂಟ ಮೇಲೆದ್ದಿತು, ತೋಳು ನೆಟ್ಟಗಾಯಿತು. ಎದುರಾಳಿ ಎರಡು ಸಲ ತಟ್ಟಿದಳು.

ರೆಫ್ರಿ ದೇವಮ್ಮನ ಕೈ ಎತ್ತಿದಾಗ ನಾನು ಎದ್ದು ನಿಂತಿದ್ದೆ. ಉಸ್ತಾದರು ಕೂತೇ ಇದ್ದರು.

ಮರಳುವಾಗ ಯಾದಗಿರಿ ಬಸ್ ನಿಲ್ದಾಣದಲ್ಲಿ ಉಸ್ತಾದರು ಒಂದು ಪೊಟ್ಟಣ ಚುರುಮುರಿ, ಮಿರ್ಚಿ ತಂದು ಅವಳ ಕೈಗಿಟ್ಟು “ತಿನ್ನವ್ವ” ಎಂದರು. ಶಹಾಪುರದಲ್ಲಿ ನಾವಿಳಿದು, ಅವರ ಬಸ್ಸು ಸುರಪುರಕ್ಕೆ ಹೋದ ಮೇಲೆ ದೇವಮ್ಮನನ್ನು ಕೇಳಿದೆ, ಪಂದ್ಯದಲ್ಲಿ ಮಾಡುವುದಿಲ್ಲ ಎಂದಿದ್ದೆಯಲ್ಲ ಎಂದು.

“ಸುಮ್ನ ಬಿದ್ದು ಸೋತಿದ್ರ ಶಾಂತಾಗ ಏನ್ ಹೇಳ್ಲಿ ಸರ? ನಿಮ್ಮ ಬಾಗಲಾ ಉಳಸಾಕ ತಟ್ಟಿ ಬಂದೆ ಅನ್ಲೇನು? ಅಂಥಾ ಬಾಗಲಾ ಅಕಿಗೂ ಬ್ಯಾಡಾಗಿತ್ತು.”

ಭಾನುವಾರ ತಾಲೀಮಿನಲ್ಲಿ ಪಂಚರು ಸೇರಿದರು. ನಾನೂ ದೇವಮ್ಮನೂ ಬಾಗಿಲ ಬಳಿ ನಿಂತೆವು. ಶಾಂತಾ ಮತ್ತು ಉಳಿದ ಹುಡುಗಿಯರು ಬೇವಿನ ಮರದಡಿ ಇದ್ದರು. ಗುರುಲಿಂಗಪ್ಪನವರು ಮೌನೇಶನ ಮೊಬೈಲ್ ತೆಗೆದುಕೊಂಡು ವಿಡಿಯೋವನ್ನು ಪೂರ್ತಿ ನೋಡಿದರು. ಮತ್ತೊಮ್ಮೆ ನೋಡಿ ಒಂದು ಕಡೆ ನಿಲ್ಲಿಸಿದರು.

“ಗೆದ್ದು ಬಂದೀದಿ, ಖುಷಿ ಆತವ್ವ. ಸುಳ್ಳ ಹೇಳಂಗಿಲ್ಲ. ಆದ್ರ ಇಲ್ಲಿ ನೋಡ್ರಿ. ಎರಡೂ ಹೆಗಲು ನೆಲಕ್ಕ ಹತ್ಯಾವ. ಇದಕ್ಕ ನಾವು ಏನಂತೀವಿ?”

ನಾನು ಆ ಆಟದ ನಿಯಮ ವಿವರಿಸಲು ಹೊರಟೆ. ಉಸ್ತಾದರು ಕೈಯೆತ್ತಿ ತಡೆದರು. “ನೀವು ಸುಮ್ನಿರ್ರಿ ಮಾಸ್ತರ. ಇದು ತಾಲೀಮದ ಮಾತು.”

“ಹಂಗಾರ ನೀವ ಹೇಳ್ರಿ ಉಸ್ತಾದ,” ಎಂದರು ಗುರುಲಿಂಗಪ್ಪ. “ಚಿತ್ ಹೌದೋ, ಅಲ್ಲೋ?”

“ಹೌದು.”

ದೇವಮ್ಮ ನೆಲ ನೋಡುತ್ತಿದ್ದಳು. ಮರದಡಿ ಇದ್ದವರಿಗೂ ಆ ಮಾತು ಕೇಳಿಸಿರಬೇಕು.

“ಬಾಗಲಾ ಹಾಕೂಕಿಂತ ಮದ್ಲ ನನಗೊಂದು ನೋಡೂದದ,” ಎಂದು ಉಸ್ತಾದರು ಎದ್ದರು. ರುಮಾಲು ತೆಗೆದು ಗೂಟಕ್ಕೆ ಹಾಕಿದರು. ಅಂಗಿ ಕಳಚಿದರು. ಧೋತರ ಎತ್ತಿ ಕಚ್ಚೆ ಬಿಗಿದರು. ಅಖಾಡದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಒಳಗಿಳಿದರು. “ದೇವಮ್ಮ, ಇಲ್ಲಿ ಬಾ,” ಎಂದು ತಮ್ಮ ಬೆತ್ತವನ್ನು ಅವಳ ಕಡೆ ಚಾಚಿದರು.

ಅವಳು ತೆಗೆದುಕೊಳ್ಳಲಿಲ್ಲ. “ಅಜ್ಜಾ, ನಾ ಹೆಂಗ ಹಿಡೀಲಿ.”

“ಹಿಡಿ. ಮೌನೇಶ, ನೀನೂ ಇಳಿ.”

ಬಳಿಕ ಸಿದ್ಧಣ್ಣ ಉಸ್ತಾದರು ಒಂದು ಕೈ ಊರಿ ನಿಧಾನಕ್ಕೆ ಕೂತು, ತಮ್ಮ ತಾಲೀಮಿನ ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿದರು.

ಗುರುಲಿಂಗಪ್ಪ ಅರ್ಧ ಎದ್ದರು. “ಉಸ್ತಾದ, ಏನ್ ಮಾಡಾಕತ್ತೀರಿ? ಏಳ್ರಿ.”

“ಕಲ್ಯಾಕತ್ತೀನಿ ಸಾವ್ಕಾರ. ಕೂಡ್ರಿ. ಮೌನೇಶ, ಮ್ಯಾಲ ಬಾ. ಯಾಕ, ಅಂಜಕಿ ಏನು?”

ಮೌನೇಶ ಮೂವತ್ತರ ಆಸುಪಾಸಿನ ಆಳು, ಆ ತಾಲೀಮಿನ ಹೆಸರಾಂತ ಪೈಲ್ವಾನ. ಗುರುವಿನ ಮೇಲೆ ಬಗ್ಗುವಾಗ ಅವನ ಮುಖ ನೋಡುವಂತಿರಲಿಲ್ಲ. ದೇವಮ್ಮ ಬೆತ್ತ ಹಿಡಿದು ಅಂಚಿಗೆ ಬಂದಳು. 

“ಕಾಲು ಅಣ್ಣಾರ ಸೊಂಟಕ್ಕ ಸುತ್ತ್ರಿ ಅಜ್ಜಾ. ಹಂಗಲ್ಲ, ಇನ್ನೂ ಮ್ಯಾಲ.” ಬೆತ್ತದ ತುದಿ ಉಸ್ತಾದರ ಮೊಣಕಾಲ ಹತ್ತಿರ ಬಂದು ನಿಂತಿತು. “ಮುಂಗೈ ಹಿಡೀರಿ. ಬಿಡಬ್ಯಾಡ್ರಿ. ಈಗ ಈ ಕಾಲು ಅವರ ಮಾರಿ ಮ್ಯಾಲಿಂದ ಈ ಕಡಿ ತರ್ರಿ. ಸೊಂಟಾ ಎತ್ತ್ರಿ.”

ಎಪ್ಪತ್ತರ ಸೊಂಟ ಒಂದೇ ಸಲಕ್ಕೆ ಎದ್ದೇಳಲಿಲ್ಲ. ಎರಡನೆಯ ಸಲಕ್ಕೆ ಎದ್ದಿತು. ಮೌನೇಶನ ತೋಳು ನೆಟ್ಟಗಾಯಿತು. ಅವನು ಉಸ್ತಾದರ ಗೌರವಕ್ಕೆಂದು ಸೋತವನಲ್ಲ. ಬಿಡಿಸಿಕೊಳ್ಳಲು ಹವಣಿಸಿದ್ದನ್ನು, ಬಿಡಿಸಿಕೊಳ್ಳಲಾಗದೆ ಮುಖ ಕಿವುಚಿದ್ದನ್ನು ನಾವೆಲ್ಲ ನೋಡಿದೆವು. ಮಣ್ಣಿನ ಮೇಲೆ ಎರಡು ಸಲ ತಟ್ಟಿದ.

ಉಸ್ತಾದರು ಕೈ ಬಿಟ್ಟು, ಉಸಿರಾಡುತ್ತ ಸ್ವಲ್ಪ ಹೊತ್ತು ಹಾಗೇ ಮಲಗಿದ್ದರು. ತಾಲೀಮಿನ ಹಂಚು ನೋಡುತ್ತ, “ಸಾವ್ಕಾರ, ಇಷ್ಟು ವರ್ಷ ಇಲ್ಲಿ ಇದ್ದೀನಿ, ಈ ಮಾಡು ಇಲ್ಲಿಂದ ಹೆಂಗ ಕಾಣತದ ಅಂತ ಇವತ್ತ ನೋಡಿದೆ,” ಎಂದರು. ಆಮೇಲೆ ಎದ್ದು ನಿಂತು ಪಂಚರ ಕಡೆ ಬೆನ್ನು ತಿರುಗಿಸಿ ತೋರಿಸಿದರು. ಹೆಗಲಿನಿಂದ ಸೊಂಟದ ತನಕ ಕೆಂಪು ಮಣ್ಣು.

“ನನ್ನ ಬೆನ್ನಿಗೂ ಹತ್ಯಾದ. ಅಕಿ ಚಿತ್ ಆದ್ರ ನಾನೂ ಚಿತ್. ಈಗ ಬಾಗಲಾ ಹಾಕ್ರಿ. ನಾನೂ ಹೊರಗ ನಿಂದ್ರತೀನಿ, ಆ ಬೇವಿನ ಗಿಡದ ಬುಡಕ.”

ಗುರುಲಿಂಗಪ್ಪನವರು ಕೈಯಲ್ಲಿನ ಮೊಬೈಲನ್ನು ಮೌನೇಶನಿಗೆ ಕೊಟ್ಟರು. ಬೇವಿನ ಮರದ ಕಡೆ ಒಮ್ಮೆ ನೋಡಿದರು.

“ಆ ಹುಡಿಗೇರು ಬಿಸಲಾಗ ಯಾಕ ನಿಂತಾರ?” ಎಂದರು. “ಒಳಗ ಬರಾಕ ಹೇಳ್ರಿ. ಚಪ್ಪಲಿ ಹೊರಗ ಬಿಡಾಕ ಹೇಳ್ರಿ.”

ದೇವಮ್ಮ ಬೆತ್ತವನ್ನು ಎರಡೂ ಕೈಯಲ್ಲಿ ಉಸ್ತಾದರಿಗೆ ಮರಳಿಸಿದಳು. ಮೌನೇಶ ಟವಲು ತಂದು ಅವರ ಬೆನ್ನು ಒರೆಸಲು ಹೋದ. ಉಸ್ತಾದರು ಬೇಡವೆಂದರು. ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು, ಬರಿ ಬೆನ್ನಿನಲ್ಲೇ ಬಜಾರದೊಳಗೆ ನಡೆದು ಹೋಗಿ ಅಂಗಡಿಯ ಗಾದಿಯ ಮೇಲೆ ಕೂತರು. ದಾರಿಯಲ್ಲಿ ಎದುರಾದವರು ನಮಸ್ಕಾರ ಹೇಳಿ, ದಾಟಿದ ಮೇಲೆ ತಿರುಗಿ ನೋಡುತ್ತಿದ್ದರು. ಸಿದ್ಧಣ್ಣನ ಬೆನ್ನು ಹೇಗಿದೆ ಎಂದು ಅವತ್ತು ಸುರಪುರ ಪೂರ್ತಿ ಕಂಡಿತು.

ರಾಜ್ಯ ಮಟ್ಟದಲ್ಲಿ ದೇವಮ್ಮ ಮೊದಲ ಪಂದ್ಯದಲ್ಲೇ ಸೋತಳು. ಎದುರಾಳಿ ಅವಳಿಗಿಂತ ಮೇಲಿದ್ದಳು, ಅಷ್ಟೇ. ಮರುವಾರ ನಾನು ಅವಳ ಜೊತೆ ತಾಲೀಮಿಗೆ ಹೋದಾಗ ಗುರುಲಿಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಗುದ್ದಲಿ.

“ಸೋತು ಬಂದೀದಿ ಅಂತಲ್ಲವ್ವ. ಪದ್ಧತಿ ಗೊತ್ತದಲ್ಲ?”

“ಗೊತ್ತದ್ರಿ,” ಎಂದಳು.

“ಹಂಗಾರ ಅಗಿ. ಮಜ್ಜಿಗಿ ಗಡಿಗಿ ಒಳಗಿಟ್ಟೀನಿ.”

ಅವಳು ಗುದ್ದಲಿ ತೆಗೆದುಕೊಂಡು ಚೂಡಿಯ ವೇಲನ್ನು ಸೊಂಟಕ್ಕೆ ಬಿಗಿದು ಅಖಾಡಕ್ಕಿಳಿದಳು. ಸಹಾಯಕ್ಕೆ ಹೊರಟ ಶಾಂತಾಳನ್ನು ಉಸ್ತಾದರು ಬೆತ್ತ ಅಡ್ಡ ಹಿಡಿದು ತಡೆದರು. ಸೋತವರು ಒಬ್ಬರೇ ಅಗೆಯಬೇಕು. ನನ್ನ ಶಿಷ್ಯರು ತಂದ ಪದಕಗಳು ಮನೆಯ ಗೋಡೆಯಲ್ಲಿ ಸಾಲಾಗಿವೆ. ಅವುಗಳಲ್ಲಿ ಯಾವುದನ್ನು ಕಂಡಾಗಲೂ ಆ ಗುದ್ದಲಿಯನ್ನು ಕಂಡಾಗ ಆದಷ್ಟು ಹೆಮ್ಮೆ ನನಗೆ ಆಗಿಲ್ಲ. ಹುಡುಗಿ ಬಿದ್ದರೆ ತಾಲೀಮು ಬಿತ್ತು ಎಂದಿದ್ದವರ ಕಣ್ಣಲ್ಲಿ ಅವಳೀಗ ಬಿದ್ದು ಎದ್ದ ಪೈಲ್ವಾನರಲ್ಲಿ ಒಬ್ಬಳು.

ವರ್ಷಗಟ್ಟಲೆ ಕಲಿಸಿದ್ದರಿಂದ ನಾನು ಕಲಿತದ್ದು ಇಷ್ಟು. ಪ್ರತಿಯೊಂದು ವಿದ್ಯೆಯೂ ತನ್ನ ಶಿಷ್ಯರ ಮೈಯಲ್ಲಿ ಒಂದು ಅಂಜಿಕೆಯನ್ನು ಬಿಟ್ಟು ಹೋಗುತ್ತದೆ. ನಮ್ಮದು ಹೊಡೆದು ನಿಲ್ಲುತ್ತದೆ, ಅವರದು ಬೆನ್ನು ಮುಚ್ಚಿಕೊಳ್ಳುತ್ತದೆ. ಆ ಅಂಜಿಕೆ ಬಿಡು ಎಂದು ಶಿಷ್ಯರಿಗೆ ಬಾಯಲ್ಲಿ ಹೇಳುವುದು ಸುಲಭ. ಹೇಳುವ ಮೊದಲು ಕಲಿಸುವವನು ಒಮ್ಮೆ ತಾನೇ ಮಲಗಿ ನೋಡಬೇಕು.

ಅವತ್ತು ಅಗೆಯುತ್ತಿದ್ದ ದೇವಮ್ಮ ನಡುವೆ ನಿಂತು, ಬೆವರು ಒರೆಸಿಕೊಂಡು, ಉಸ್ತಾದರನ್ನು ಕೇಳಿದಳು. “ಅಜ್ಜಾ, ನೀವೂ ಚಿತ್ ಆಗಿದ್ರೆಲ್ಲ. ನೀವ್ಯಾವಾಗ ಅಗೀತೀರಿ?”

ಉಸ್ತಾದರು ಗುರುಲಿಂಗಪ್ಪನವರ ಕಡೆ ನೋಡಿದರು. ಗುರುಲಿಂಗಪ್ಪನವರು ಗೋಡೆಗೆ ಒರಗಿಸಿದ್ದ ಇನ್ನೊಂದು ಗುದ್ದಲಿಯ ಕಡೆ ನೋಡಿದರು.